ಹಾಯಿಹಡಗಿನ ಆನ್‌ಲೈನ್ ಆಟಕ್ಕೆ ಯಾವ ಎಂಜಿನ್? ಹಣ ಕೇಳುವ ಮೊದಲೇ ತೀರ್ಮಾನವಾಗಬೇಕು

ಕಡಲಕಾಗೆ, ಘಾಟ್‌ಕೋಪರ್

ಮುಂಬಯಿ ಮತ್ತು ಪುಣೆಯಲ್ಲಿರುವ ನಾವು ಐದು ಜನ ಸೇರಿ ಒಂದು ಆನ್‌ಲೈನ್ ಆಟ ಕಟ್ಟಲು ಹೊರಟಿದ್ದೇವೆ. ಕಥೆ ನಡೆಯುವುದು ಹದಿನಾರನೆಯ ಶತಮಾನದ ಪಶ್ಚಿಮ ಕರಾವಳಿಯಲ್ಲಿ. ಚೌಲ್, ದಾಭೋಳ, ಗೋವೆ, ಹೊನ್ನಾವರ, ಭಟ್ಕಳ, ಮಂಗಳೂರು ಬಂದರುಗಳ ನಡುವೆ ಆಟಗಾರರು ಹಾಯಿಹಡಗಿನಲ್ಲಿ ಕಾಳುಮೆಣಸು, ಅಕ್ಕಿ, ಕುದುರೆ ಸಾಗಿಸುತ್ತಾರೆ. ಪೋರ್ಚುಗೀಸರ ಕರ್ತಾಜ್ ಎಂಬ ಪರವಾನಗಿಗೆ ದುಡ್ಡು ಕೊಡುವುದೋ, ಕತ್ತಲಲ್ಲಿ ದೀಪ ಆರಿಸಿ ನುಸುಳುವುದೋ ಅವರವರ ಧೈರ್ಯಕ್ಕೆ ಬಿಟ್ಟದ್ದು. ಒಂದು ಕಡಲಲ್ಲಿ ಏಕಕಾಲಕ್ಕೆ ನೂರು ಹಡಗುಗಳು ಇರಬೇಕು ಎಂಬುದು ನಮ್ಮ ಆಸೆ. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್ ಮೊಬೈಲ್ ಎರಡರಲ್ಲೂ ಓಡಬೇಕು. ಆಟದ ಭಾಷೆ ಕನ್ನಡ. ಮರಾಠಿ, ಇಂಗ್ಲಿಷ್ ಆಮೇಲೆ.

ಹಣವನ್ನು ಜನರಿಂದಲೇ ಸಂಗ್ರಹಿಸುವ ಯೋಚನೆ. ಗುರಿ 40 ಲಕ್ಷ ರೂಪಾಯಿ. ಕೊಟ್ಟವರಿಗೆ ಆಟದ ಪ್ರತಿ, ಹೆಚ್ಚು ಕೊಟ್ಟವರಿಗೆ ತಮ್ಮ ಹಡಗಿಗೆ ಬೇಕಾದ ಹೆಸರು, ಇನ್ನೂ ಹೆಚ್ಚು ಕೊಟ್ಟವರಿಗೆ ಬಂದರಿನಲ್ಲಿ ಒಂದು ಮಳಿಗೆ.

ಒಡಕು ಬಂದಿರುವುದು ಎಂಜಿನ್, ಅಂದರೆ ಆಟ ಕಟ್ಟಲು ಬಳಸುವ ಸಿದ್ಧ ತಂತ್ರಾಂಶದ ವಿಷಯಕ್ಕೆ. ಚಿತ್ರ ರಚಿಸುವ ಇಬ್ಬರು ಅನ್‌ರಿಯಲ್ ಎನ್ನುತ್ತಾರೆ, ಏಕೆಂದರೆ ಅದರಲ್ಲಿ ನೀರು ಚೆನ್ನಾಗಿ ಕಾಣುತ್ತದೆ. ಕಚೇರಿಯಲ್ಲಿ ದಿನವೂ ಸಿ ಶಾರ್ಪ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಯೂನಿಟಿ ಎನ್ನುತ್ತಾರೆ. ನನ್ನ ಒಲವು ಗೋಡೋ ಕಡೆಗೆ. ಅದು ಮುಕ್ತ ತಂತ್ರಾಂಶ, ನಾಳೆ ಯಾರೂ ಬಂದು ಬಾಡಿಗೆ ಕೇಳುವುದಿಲ್ಲ. ಐದನೆಯವರು ಸಂಗೀತದವರು, ಜಗಳ ಮುಗಿದ ಮೇಲೆ ಹೇಳಿ ಎಂದಿದ್ದಾರೆ. ಅನುಭವ ಇದ್ದವರು ಮಾತಾಡಿ. "ಮೊದಲು ಚಿಕ್ಕ ಆಟ ಮಾಡಿ" ಎಂಬ ಸಲಹೆ ಈಗಾಗಲೇ ಎಲ್ಲ ಕಡೆಯಿಂದ ಬಂದಿದೆ, ದಯವಿಟ್ಟು ಅದೊಂದು ಬೇಡ.

ಹಿಂಜವಡಿಯ ಹರಟೆಮಲ್ಲ, ಪುಣೆ

ಅನ್‌ರಿಯಲ್. ಕಾರಣ ಬರೀ ನೀರಲ್ಲ. ಜಾಲದ ಮೂಲಕ ಹಲವರು ಆಡುವ ವ್ಯವಸ್ಥೆ ಆ ಎಂಜಿನ್‌ನ ಮೂಳೆಯಲ್ಲೇ ಇದೆ. 1998ರ ಮೊದಲ ಅನ್‌ರಿಯಲ್ ಆಟದಿಂದಲೇ ಸರ್ವರ್ (ಎಲ್ಲರ ಆಟವನ್ನೂ ನಡೆಸುವ ಕೇಂದ್ರ ಯಂತ್ರ) ಹೇಳಿದ್ದೇ ಸತ್ಯ ಎಂಬ ಮಾದರಿಯಲ್ಲಿ ಬೆಳೆದು ಬಂದಿದೆ. ಯಾವ ವಸ್ತುವಿನ ಸ್ಥಿತಿ ಯಾರಿಗೆ ಹೋಗಬೇಕು, ದೂರದಲ್ಲಿರುವುದನ್ನು ಯಾರಿಗೆ ಕಳಿಸಬಾರದು ಎಂಬುದಕ್ಕೆ ಸಿದ್ಧ ಏರ್ಪಾಡಿದೆ. ಫೋರ್ಟ್‌ನೈಟ್ ಆಟದಲ್ಲಿ ನೂರು ಜನ ಒಂದೇ ದ್ವೀಪಕ್ಕೆ ಧುಮುಕುವುದು ಅದೇ ಎಂಜಿನ್ ಮೇಲೆ. ನಿಮಗೂ ಬೇಕಾದದ್ದು ನೂರೇ ಅಲ್ಲವೇ?

ಯೂನಿಟಿಯ ಚರಿತ್ರೆ ನೋಡಿ. ಯೂನೆಟ್ ಎಂಬ ಜಾಲವ್ಯವಸ್ಥೆ ಕೊಟ್ಟರು, 2018ರಲ್ಲಿ ಅದನ್ನು ಕೈಬಿಡುತ್ತೇವೆ ಎಂದರು. ಈಗ ನೆಟ್‌ಕೋಡ್ ಹೆಸರಿನಲ್ಲೇ ಎರಡು ಬೇರೆ ಬೇರೆ ದಾರಿಗಳಿವೆ, ಅವುಗಳ ಜೊತೆಗೆ ಮಿರರ್, ಫಿಶ್‌ನೆಟ್, ಫೋಟಾನ್ ಎಂದು ಹೊರಗಿನವರ ಸಾಲು. ಎಂಜಿನ್ ಆರಿಸಿದ ಮೇಲೆ ಜಾಲವ್ಯವಸ್ಥೆಯನ್ನು ಆರಿಸುವ ಎರಡನೆಯ ಜಗಳ ಕಾದಿರುತ್ತದೆ.

ಪರವಾನಗಿಯೂ ಸರಳ: ಒಂದು ಆಟದ ಒಟ್ಟು ಗಳಿಕೆ ಹತ್ತು ಲಕ್ಷ ಡಾಲರ್ ದಾಟುವವರೆಗೆ ಅನ್‌ರಿಯಲ್ ಮಾಡಿದ ಎಪಿಕ್ ಕಂಪನಿಗೆ ಏನೂ ಕೊಡಬೇಕಾಗಿಲ್ಲ, ಆಮೇಲೆ ಶೇಕಡಾ 5. ನೀವು ಅಷ್ಟು ಗಳಿಸಿದರೆ ನಾನೇ ನಿಮಗೆ ವೈಶಾಲಿಯಲ್ಲಿ ದೋಸೆ ಕೊಡಿಸುತ್ತೇನೆ.

ಇನ್ನೊಂದು ಮಾತು, ಪುಣೆಯವನಾಗಿ ಹೇಳಲೇಬೇಕು. ಇಲ್ಲಿನ ನಾಡಿಂಗ್ ಹೆಡ್ಸ್ ತಂಡದ ರಾಜಿ ಎಂಬ ಆಟ 2017ರಲ್ಲಿ ಜನರಿಂದ ಹಣ ಎತ್ತುವ ಕಿಕ್‌ಸ್ಟಾರ್ಟರ್ ತಾಣಕ್ಕೆ ಹೋಗಿ ಗುರಿ ಮುಟ್ಟಲಿಲ್ಲ. ಆಮೇಲೆ ಎಪಿಕ್‌ನ ಅನ್‌ರಿಯಲ್ ಅನುದಾನ ಸಿಕ್ಕಿತು, 2020ರಲ್ಲಿ ಆಟ ಹೊರಬಂತು. ಜನ ಹಣ ಕೊಡದಿದ್ದಾಗ ಎಂಜಿನ್ ಮಾಡಿದವರೇ ಕೈಹಿಡಿದ ಉದಾಹರಣೆ ನಮ್ಮ ಊರಿನಲ್ಲೇ ಇದೆ.

ಹಳೆಯ ಸರ್ವರ್, ಡೊಂಬಿವಿಲಿ

ರಾಜಿ ಒಬ್ಬರೇ ಆಡುವ ಆಟ. ಅದರ ಕಥೆ ಇಲ್ಲಿ ಅರ್ಧ ಮಾತ್ರ ಅನ್ವಯಿಸುತ್ತದೆ. ಒಬ್ಬರ ಆಟ ಮಾರಾಟವಾದ ದಿನ ಮುಗಿಯಿತು. ಹಲವರ ಆಟದ ಖರ್ಚು ಆ ದಿನ ಶುರುವಾಗುತ್ತದೆ.

ನೀವೆಲ್ಲ ಎಂಜಿನ್ ಬಗ್ಗೆ ಮಾತಾಡುತ್ತಿದ್ದೀರಿ, ಹಡಗಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಹಾಯಿಹಡಗಿನ ವೇಗ ಎಷ್ಟು? ಒಳ್ಳೆಯ ಗಾಳಿ ಸಿಕ್ಕರೆ ಎಂಟು ನಾಟ್ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 4 ಮೀಟರ್. ಜಾಲದಲ್ಲಿ 100 ಮಿಲಿಸೆಕೆಂಡ್ ತಡವಾದರೆ ಹಡಗು ಅಷ್ಟರಲ್ಲಿ ಸಾಗಿರುವುದು 40 ಸೆಂಟಿಮೀಟರ್. ಹಡಗಿನ ಉದ್ದವೇ 20 ಮೀಟರ್ ಇರುವಾಗ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಮೇಲೆ ಹಡಗು ಗಕ್ಕನೆ ತಿರುಗಲಾರದು, ಗಕ್ಕನೆ ನಿಲ್ಲಲಾರದು. ಈಗಿನ ದಿಕ್ಕು, ವೇಗ ತಿಳಿದರೆ ಮುಂದಿನ ಅರ್ಧ ಸೆಕೆಂಡ್ ಎಲ್ಲಿರುತ್ತದೆ ಎಂಬುದನ್ನು ಆಟಗಾರನ ಮೊಬೈಲೇ ಊಹಿಸಿ ಚಿತ್ರಿಸಬಹುದು. ನಾವಿಕರು ನಕ್ಷೆಯ ಮೇಲೆ ಶತಮಾನಗಳಿಂದ ಮಾಡಿಕೊಂಡು ಬಂದ ಗಣಿತವೇ ಇದು. ಆಟ ಬರೆಯುವವರು ಅವರಿಂದಲೇ ಡೆಡ್ ರೆಕನಿಂಗ್ ಎಂಬ ಹೆಸರನ್ನೂ ಎತ್ತಿಕೊಂಡಿದ್ದಾರೆ.

ಫಿರಂಗಿ ಹಾರಿಸುವುದೂ ಸುಲಭ. ಬಂದೂಕಿನ ಆಟದಲ್ಲಿ ಗುಂಡು ಒತ್ತಿದ ಕ್ಷಣವೇ ತಾಗಬೇಕು, ಅದಕ್ಕಾಗಿ ಸರ್ವರ್ ಕಾಲವನ್ನು ಹಿಂದಕ್ಕೆ ತಿರುಗಿಸಿ ಆಗ ಎದುರಾಳಿ ಎಲ್ಲಿದ್ದ ಎಂದು ನೋಡಬೇಕು. ಫಿರಂಗಿ ಗುಂಡು ಒಂದೆರಡು ಸೆಕೆಂಡ್ ಗಾಳಿಯಲ್ಲಿರುತ್ತದೆ. ಸರ್ವರ್ ಹಾರಿಸಿತು, ಸರ್ವರ್ ಬೀಳಿಸಿತು, ಮುಗಿಯಿತು.

ಹರಟೆಮಲ್ಲರು ಹೊಗಳಿದ ಅನ್‌ರಿಯಲ್ ಸಾಮಾನಿನಲ್ಲಿ ಅತ್ಯಂತ ಪಳಗಿದ ಭಾಗ ನಡೆಯುವ, ಓಡುವ, ಜಿಗಿಯುವ ಪಾತ್ರಗಳ ಚಲನೆಯದು. ಆಟಗಾರನ ಒತ್ತುವಿಕೆಯನ್ನು ಮೊದಲೇ ಊಹಿಸಿ, ಸರ್ವರ್ ಬೇರೆ ಹೇಳಿದರೆ ತಿದ್ದಿಕೊಳ್ಳುವ ಆ ಯಂತ್ರ ನಿಜಕ್ಕೂ ಅದ್ಭುತ. ಆದರೆ ಅದು ಕಾಲಿದ್ದವರಿಗೆ. ಹಡಗಿಗೆ ನೀವೇ ಬರೆಯಬೇಕು. ಗೋಡೋದಲ್ಲೂ ನೀವೇ ಬರೆಯಬೇಕು. ಅಲ್ಲಿಗೆ ಈ ಅಂಕ ಇಬ್ಬರಿಗೂ ಸಮ.

ಈಗ ದುಡ್ಡಿನ ಲೆಕ್ಕ. ನೂರು ಹಡಗು, ಪ್ರತಿಯೊಬ್ಬರಿಗೂ ಉಳಿದ 99 ಹಡಗುಗಳ ಸುದ್ದಿ, ಸೆಕೆಂಡಿಗೆ 20 ಸಲ, ಒಂದೊಂದು ಸುದ್ದಿ 30 ಬೈಟ್. ಗುಣಿಸಿದರೆ ಸೆಕೆಂಡಿಗೆ ಸುಮಾರು 6 ಎಂಬಿ, ಗಂಟೆಗೆ 21 ಜಿಬಿ. ಕಡಲು ಹಗಲಿರುಳೂ ತುಂಬಿದ್ದರೆ ತಿಂಗಳಿಗೆ 15 ಟಿಬಿ ಮೀರುತ್ತದೆ. ಅಮೆಜಾನ್‌ನ ಮುಂಬಯಿ ಕೇಂದ್ರದಿಂದ ಹೊರಹೋಗುವ ದತ್ತಾಂಶಕ್ಕೆ ಮೊದಲ ಹಂತದಲ್ಲಿ ಜಿಬಿಗೆ ಸುಮಾರು 11 ಸೆಂಟ್ ದರ. ಆ ಲೆಕ್ಕದಲ್ಲಿ ತಿಂಗಳಿಗೆ 1,500 ಡಾಲರ್‌ಗೂ ಮೇಲೆ ಬರೀ ಸಾಗಾಣಿಕೆಗೆ. ಒಂದು ಕಡಲಿಗೆ!

ಅದನ್ನೇ ಹೀಗೆ ಮಾಡಿ: ಪ್ರತಿಯೊಬ್ಬರಿಗೂ ಹತ್ತಿರದ 15 ಹಡಗುಗಳ ಸುದ್ದಿ ಮಾತ್ರ, ಸೆಕೆಂಡಿಗೆ 5 ಸಲ. ತಿಂಗಳಿಗೆ 600 ಜಿಬಿ ಒಳಗೆ, 65 ಡಾಲರ್ ಆಸುಪಾಸು. ಎಂಜಿನ್ ಬದಲಿಸದೆ ಖರ್ಚು ಇಪ್ಪತ್ತನೇ ಒಂದು ಪಾಲಿಗಿಂತ ಕೆಳಗಿಳಿಯಿತು. ನಿಮ್ಮ ಜಗಳ ಯಾವ ಎಂಜಿನ್ ಎಂಬುದಲ್ಲ, ಈ ಎರಡು ಸಾಲುಗಳನ್ನು ಯಾರು ಬರೆಯುತ್ತಾರೆ ಎಂಬುದು. ಐವರಲ್ಲಿ ಒಬ್ಬರಾದರೂ ಸರ್ವರ್ ಬರೆದವರು ಇದ್ದಾರೆಯೇ? ಮೂಲ ಬರಹದಲ್ಲಿ ಅದರ ಉಲ್ಲೇಖ ಇಲ್ಲ.

ಕಡಲಕಾಗೆ, ಘಾಟ್‌ಕೋಪರ್

ಇದ್ದೇನೆ, ನಾನೇ. ಆದರೆ ನಾನು ಬರೆದದ್ದು ಪಾವತಿ ವ್ಯವಸ್ಥೆಗಳ ಸರ್ವರ್, ಆಟದ್ದಲ್ಲ. ಭಾಷೆ ಗೋ. ನಕಾಮಾ ಎಂಬ ಮುಕ್ತ ಸರ್ವರ್ ಅದೇ ಭಾಷೆಯಲ್ಲಿದೆ. ಲಾಗಿನ್, ಗೆಳೆಯರ ಪಟ್ಟಿ, ಹರಟೆಗೆ ಅದನ್ನು ಬಳಸಬಹುದು ಎಂದು ಯೋಚಿಸಿದ್ದೇನೆ.

ಹಳೆಯ ಸರ್ವರ್, ಡೊಂಬಿವಿಲಿ

ಹಾಗಾದರೆ ಬಂಡವಾಳ ಅದೇ. ಪಾವತಿ ಬರೆದವರಿಗೆ ಒಂದೇ ಮೂಟೆ ಮೆಣಸು ಎರಡು ಸಲ ಮಾರಾಟವಾಗದಂತೆ ನೋಡಿಕೊಳ್ಳುವುದು ಗೊತ್ತಿರುತ್ತದೆ. ವ್ಯಾಪಾರದ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ಕಳ್ಳತನ ಅದೇ.

ಲೆಕ್ಕದ ಪುಸ್ತಕ, ಮುಲುಂಡ್

ತಂತ್ರಜ್ಞಾನ ನನಗೆ ತಿಳಿಯದು. ಹಣದ ಬಗ್ಗೆ ಕೆಲವು ವಿಷಯ.

ಯೂನಿಟಿಯ ಉಚಿತ ಆವೃತ್ತಿಗೆ ವರ್ಷಕ್ಕೆ 2 ಲಕ್ಷ ಡಾಲರ್ ಮಿತಿ ಇದೆ. ಮಿತಿಯಲ್ಲಿ ಆದಾಯ ಮಾತ್ರವಲ್ಲ, ಸಂಗ್ರಹಿಸಿದ ಹಣವೂ ಸೇರುತ್ತದೆ. ಜನರಿಂದ ಎತ್ತಿದ ಹಣ ಅದರೊಳಗೇ ಬಂತು. ಅನ್‌ರಿಯಲ್‌ನ ನಿಯಮದಲ್ಲೂ ಆಟದ ಪ್ರತಿಗೆ ಅಥವಾ ಆಟದೊಳಗಿನ ಸೌಲಭ್ಯಕ್ಕೆ ಪ್ರತಿಯಾಗಿ ಬಂದ ದೇಣಿಗೆಯನ್ನು ಗಳಿಕೆ ಎಂದೇ ಎಣಿಸುವ ಷರತ್ತನ್ನು ನಾನು ಓದಿದ್ದೇನೆ. ಅಂಗಿ, ಭಿತ್ತಿಚಿತ್ರದ ಪಾಲು ಮಾತ್ರ ಹೊರಗೆ. ಆದರೆ ನಿಮ್ಮ 40 ಲಕ್ಷ ರೂಪಾಯಿ ಎಂದರೆ ಸುಮಾರು 45 ಸಾವಿರ ಡಾಲರ್. ಈ ಎರಡು ಮಿತಿಗಳ ಹತ್ತಿರಕ್ಕೂ ಅದು ಹೋಗುವುದಿಲ್ಲ. ಗೋಡೋ ಎಂಐಟಿ ಎಂಬ ಮುಕ್ತ ಪರವಾನಗಿಯದು, ಕೇಳುವವರೇ ಇಲ್ಲ. ಆದ್ದರಿಂದ ಇವತ್ತಿನ ಬೆಲೆಯಲ್ಲಿ ಮೂರೂ ಒಂದೇ, ಸೊನ್ನೆ.

ನಾಳೆಯ ಬೆಲೆ ಬೇರೆ ವಿಷಯ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಎಂದು ಘೋಷಿಸಿತು. ಮಿತಿ ದಾಟಿದ ಉಚಿತ ಆವೃತ್ತಿಯವರಿಗೆ ತಲಾ 20 ಸೆಂಟ್. ಅದಕ್ಕೂ ಮೊದಲೇ ತಯಾರಾಗಿ ಮಾರಾಟವಾಗುತ್ತಿದ್ದ ಆಟಗಳೂ ಅದರೊಳಗೆ ಬರುತ್ತಿದ್ದವು. ಗದ್ದಲವಾಯಿತು, ಮುಖ್ಯಸ್ಥರು ಮರು ತಿಂಗಳೇ ಹುದ್ದೆ ಬಿಟ್ಟರು, 2024ರ ಸೆಪ್ಟೆಂಬರ್‌ನಲ್ಲಿ ಶುಲ್ಕವನ್ನೇ ಹಿಂತೆಗೆದುಕೊಂಡರು. ಜನರ ಹಣ ಹಿಡಿದು ಮೂರು ವರ್ಷ ಕೆಲಸ ಮಾಡುವವರು ಇಂಥ ಒಂದು ವರ್ಷವನ್ನು ತಾಳಬಲ್ಲರೇ ಎಂದು ಯೋಚಿಸಿ.

ಈಗ ನಿಜವಾದ ಖರ್ಚು. ಪ್ರತಿ ಕೊಡುತ್ತೇವೆ ಎಂದು ಹಣ ಪಡೆದರೆ ಅದು ದಾನವಲ್ಲ, ಮುಂಗಡ. ಸೇವೆಗೆ ಪಡೆದ ಮುಂಗಡದ ಮೇಲೆ ಜಿಎಸ್‌ಟಿ ಹೊಣೆ ಹಣ ಕೈಗೆ ಬಂದಾಗಲೇ ಹುಟ್ಟುತ್ತದೆ. ಶೇಕಡಾ 18 ಒಳಗೊಂಡಂತೆ 40 ಲಕ್ಷ ಎಂದರೆ 6 ಲಕ್ಷ 10 ಸಾವಿರದಷ್ಟು ನಿಮ್ಮದಲ್ಲ. ವೇದಿಕೆಯ ಕಮಿಷನ್ ಬೇರೆ. ಲಾಭದಲ್ಲಿ ಪಾಲು ಎಂದು ಎಲ್ಲೂ ಬರೆಯಬೇಡಿ. ಜನಸಾಮಾನ್ಯರಿಗೆ ಆನ್‌ಲೈನ್‌ನಲ್ಲಿ ಷೇರು ಕೊಡುವ ಪದ್ಧತಿಯ ಬಗ್ಗೆ 2014ರಲ್ಲಿ ಸೆಬಿ ಚರ್ಚಾಪತ್ರ ತಂದಿತ್ತು, ಅದು ಅನುಮತಿಯಾಗಿ ಬೆಳೆಯಲಿಲ್ಲ.

ಆಟದೊಳಗೆ ಪಂದ್ಯ, ಕೊಳ್ಳೆ, ಸರಕಿನ ಹರಾಜು ಇರುತ್ತದಲ್ಲ? ಆಟದ ನಾಣ್ಯ ಯಾವ ದಾರಿಯಿಂದಲೂ ರೂಪಾಯಿಯಾಗಿ ಹೊರಬರಬಾರದು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿದೆ, ಅದು ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ.

ಮಾಟುಂಗದ ಓದುಗಿ

ಇಷ್ಟು ಮಾತಾಯಿತು, ಕನ್ನಡದ ಆಟ ಎಂದು ಮೊದಲ ಪ್ಯಾರಾದಲ್ಲೇ ಬರೆದಿದ್ದಾರೆ, ಕನ್ನಡ ಅಕ್ಷರ ಮೂಡುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ.

ನಾನು ಮಕ್ಕಳ ಕಲಿಕೆಯ ಆ್ಯಪ್‌ಗಳಿಗೆ ಪಠ್ಯ ಜೋಡಿಸುವ ಕೆಲಸ ಮಾಡುತ್ತೇನೆ. ಯೂನಿಟಿಯಲ್ಲಿ ಹೆಚ್ಚಿನವರು ಬಳಸುವ ಟೆಕ್ಸ್ಟ್‌ಮೆಶ್‌ಪ್ರೊ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆ, ಒತ್ತಕ್ಷರವನ್ನು ಕೂಡಿಸುವುದಿಲ್ಲ. "ರಾಷ್ಟ್ರ" ಎಂದು ಬರೆದರೆ ಒತ್ತುಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತವೆ. ಅದನ್ನು ದಾಟಲು ಜನ ಫಾಂಟ್‌ಗಳನ್ನೇ ಕೆತ್ತಿ ಏನೇನೋ ಮಾಡುತ್ತಾರೆ. ಸಿದ್ಧ ಸಂಭಾಷಣೆಗೆ ಅದು ನಡೆಯಬಹುದು. ಆಟಗಾರರು ತಾವೇ ಟೈಪ್ ಮಾಡುವ ಹರಟೆಗೆ ನಡೆಯುವುದಿಲ್ಲ. ಯೂನಿಟಿ 6ರಿಂದ, ಪರದೆಯ ಗುಂಡಿ, ಪಟ್ಟಿಗಳನ್ನು ಕಟ್ಟುವ ಯುಐ ಟೂಲ್‌ಕಿಟ್‌ನಲ್ಲಿ, ಒತ್ತಕ್ಷರ ಕೂಡಿಸಬಲ್ಲ ಹಾರ್ಫ್‌ಬಜ್ ಎಂಬ ತಂತ್ರಾಂಶ ಆಧಾರಿತ ಹೊಸ ವ್ಯವಸ್ಥೆ ಬಂದಿದೆ, ಅದನ್ನೇ ಬಳಸುವುದಾದರೆ ಪರದೆಯ ಎಲ್ಲ ಭಾಗಗಳನ್ನೂ ಮೊದಲಿನಿಂದ ಅದರಲ್ಲೇ ಕಟ್ಟಬೇಕು.

ಗೋಡೋ 2023ರ ಮಾರ್ಚ್‌ನಲ್ಲಿ ಬಂದ 4.0 ಆವೃತ್ತಿಯಿಂದ ಹಾರ್ಫ್‌ಬಜ್ ಅನ್ನು ಒಳಗೇ ಇಟ್ಟುಕೊಂಡಿದೆ. ನೋಟೋ ಕನ್ನಡ ಫಾಂಟ್ ಹಾಕಿ, ಟೈಪ್ ಮಾಡಿ, ಸರಿಯಾಗಿ ಬರುತ್ತದೆ. ಅನ್‌ರಿಯಲ್ ಕೂಡ ಹಾರ್ಫ್‌ಬಜ್ ಬಳಸುತ್ತದೆ, ಅದರಲ್ಲೂ ಒತ್ತಕ್ಷರ ಕೂಡುತ್ತದೆ. ಯೂನಿಟಿಯ ಪರ ಇರುವವರು ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗಬಾರದು. ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಬರುವವರ ಹತ್ತಿರ ಹೋಗಿ ಕನ್ನಡದ ಆಟಕ್ಕೆ ಹಣ ಕೊಡಿ ಎಂದು ಕೇಳುವಿರಿ, ಆಟ ತೆರೆದಾಗ ಅದರ ಹೆಸರೇ ಮುರಿದು ಕಂಡರೆ ಅವರ ಮುಂದೆ ಮತ್ತೆ ನಿಲ್ಲಲಾಗದು.

ಹಿಂಜವಡಿಯ ಹರಟೆಮಲ್ಲ, ಪುಣೆ

ಸರಿ, ಯೂನಿಟಿ ಹೊರಬಿದ್ದಿತು ಎಂದುಕೊಳ್ಳೋಣ. ಗೋಡೋಗೆ ನನ್ನದೊಂದು ಪ್ರಶ್ನೆ. ಚೌಲ್‌ನಿಂದ ಮಂಗಳೂರಿಗೆ ನೇರ ಅಳೆದರೆ 600 ಕಿಲೋಮೀಟರ್ ದಾಟುತ್ತದೆ. ಸಾಮಾನ್ಯ 32 ಬಿಟ್ ದಶಮಾಂಶ ಸಂಖ್ಯೆಯಲ್ಲಿ ಮೂಲಬಿಂದುವಿನಿಂದ 500 ಕಿಲೋಮೀಟರ್ ದೂರಕ್ಕೆ ಹೋದರೆ ಎರಡು ಪಕ್ಕದ ಸ್ಥಾನಗಳ ನಡುವೆ 3 ಸೆಂಟಿಮೀಟರ್ ಅಂತರ ಬೀಳುತ್ತದೆ. ಹಾಯಿ ಹಗ್ಗ ನಡುಗುತ್ತದೆ, ಕ್ಯಾಮೆರಾ ನಡುಗುತ್ತದೆ. ಅನ್‌ರಿಯಲ್ 5ರಲ್ಲಿ ಇದು 64 ಬಿಟ್ ಆಗಿದೆ, ಮಾಡುವುದಕ್ಕೆ ಏನೂ ಇಲ್ಲ. ಗೋಡೋದಲ್ಲಿ ಎಂಜಿನ್ ಅನ್ನೇ ದ್ವಿಗುಣ ನಿಖರತೆಗೆ, ಅಂದರೆ 64 ಬಿಟ್‌ಗೆ, ಮರುಕಂಪೈಲ್ ಮಾಡಬೇಕು.

ಹಳೆಯ ಸರ್ವರ್, ಡೊಂಬಿವಿಲಿ

ಪ್ರಶ್ನೆ ಚೆನ್ನಾಗಿದೆ, ಆದರೆ ಎಂಟು ನಾಟ್‌ನಲ್ಲಿ ಆ 600 ಕಿಲೋಮೀಟರ್ ದಾಟಲು 40 ಗಂಟೆ ಬೇಕು. ಯಾವ ಆಟಗಾರ ಕೂರುತ್ತಾನೆ? ಅಳತೆ ಕುಗ್ಗಿಸಲೇಬೇಕು. ಇಪ್ಪತ್ತರಲ್ಲಿ ಒಂದಕ್ಕೆ ಇಳಿಸಿದರೆ 30 ಕಿಲೋಮೀಟರ್, ಎರಡು ಗಂಟೆಯ ಪಯಣ; ಅಲ್ಲಿ ಅಂತರ 2 ಮಿಲಿಮೀಟರ್. ಎರಡು ಗಂಟೆಯೂ ಹೆಚ್ಚೇ ಆಯಿತು, ಅದು ಆಟದ ವಿನ್ಯಾಸ ಮಾಡುವವರ ತಲೆನೋವು.

ನೀವು ಹೇಳದೆ ಬಿಟ್ಟ ಒಂದು ವಿಷಯ ಇದೆ. ಅನ್‌ರಿಯಲ್‌ನಲ್ಲಿ ಪ್ರತ್ಯೇಕ ಸರ್ವರ್ ತಯಾರಿಸಬೇಕಾದರೆ ಸಿದ್ಧ ಎಂಜಿನ್ ಸಾಲದು, ಮೂಲ ಸಂಕೇತ (ಸೋರ್ಸ್ ಕೋಡ್) ಇಳಿಸಿಕೊಂಡು ಪೂರ್ತಿ ಕಂಪೈಲ್ ಮಾಡಬೇಕು. ನೂರು ಜಿಬಿಗೂ ಮೇಲೆ ಜಾಗ ತಿನ್ನುತ್ತದೆ. ಐದು ಜನರ ಐದು ಲ್ಯಾಪ್‌ಟಾಪ್‌ಗಳ ಸ್ಥಿತಿ ನನಗೆ ಗೊತ್ತಿಲ್ಲ, ಊಹಿಸಬಲ್ಲೆ.

ಮಡಗಾಂವ್ ಮಂಜಿ, ಗೋವಾ

ಆಟ ಮಾಡುವವನಲ್ಲ, ಆಡುವವನು, ಹಣ ಕೊಟ್ಟು ಕೈಸುಟ್ಟುಕೊಂಡವನು. ನನ್ನ ಹಾಗೆ ಹಣ ಕೊಡುವವರಿಗೆ ಎಂಜಿನ್ ಹೆಸರು ಬೇಕಿಲ್ಲ. ನೀವು ಮುಚ್ಚಿಕೊಂಡು ಹೋದ ದಿನ ನನ್ನ ಹಡಗು ಏನಾಗುತ್ತದೆ ಎಂಬುದು ಬೇಕು.

ಕ್ರೌಫಾಲ್ ಎಂಬ ಆನ್‌ಲೈನ್ ಆಟ 2015ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 17 ಲಕ್ಷ ಡಾಲರ್ ಎತ್ತಿತು. 2021ರ ಜುಲೈಯಲ್ಲಿ ಬಿಡುಗಡೆಯಾಯಿತು, ಮರುವರ್ಷದ ನವೆಂಬರ್‌ನಲ್ಲಿ ಸರ್ವರ್ ಆರಿತು. ಅದು ಯೂನಿಟಿಯದು, ಆದರೆ ಯೂನಿಟಿಯಿಂದ ಮುಳುಗಲಿಲ್ಲ. ಯೂಬಿಸಾಫ್ಟ್‌ನಂಥ ದೊಡ್ಡವರೇ 2024ರ ಮಾರ್ಚ್ 31ರಂದು ದಿ ಕ್ರೂ ಆಟದ ಸರ್ವರ್ ಮುಚ್ಚಿದಾಗ, ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಒಬ್ಬರೇ ಆಡುವುದಕ್ಕೂ ಏನೂ ಉಳಿಯಲಿಲ್ಲ. ಯುರೋಪಿನಲ್ಲಿ ಅದರ ವಿರುದ್ಧ ಚಳವಳಿಯೇ ಎದ್ದಿತು.

ಮುಚ್ಚುವ ದಿನ ಸರ್ವರ್ ತಂತ್ರಾಂಶವನ್ನು ಹಣ ಕೊಟ್ಟವರಿಗೆ ಬಿಟ್ಟುಕೊಡುತ್ತೇವೆ ಎಂದು ಬರೆಯಿರಿ, ನಾನು ಮಳಿಗೆಯ ಹಂತಕ್ಕೇ ಕೊಡುತ್ತೇನೆ. ಹಾಗೆ ಬರೆಯಲು ಯಾವ ಎಂಜಿನ್ ಅಡ್ಡಿ ಬರುವುದಿಲ್ಲವೋ ಅದನ್ನು ಆರಿಸಿ.

ಚರಿತ್ರೆಯ ಒಂದು ಮಾತು: ಕುದುರೆ ವ್ಯಾಪಾರವನ್ನು ಗೋವೆಗೇ ಸೆಳೆಯಲು ಪೋರ್ಚುಗೀಸರು ಬಹಳ ಹೆಣಗಿದ್ದರು. ಕುದುರೆ ಹಡಗು ನೇರವಾಗಿ ಭಟ್ಕಳಕ್ಕೆ ಹೋದರೆ ಅಪಾಯ ಹೆಚ್ಚು, ಲಾಭ ಹೆಚ್ಚು ಎಂದು ಇಡಿ.

ಹಿಂಜವಡಿಯ ಹರಟೆಮಲ್ಲ, ಪುಣೆ

ಸರ್ವರ್ ಬಿಟ್ಟುಕೊಡುವ ಮಾತು ಬರೆಯುವುದು ಸುಲಭ. ಅದರೊಳಗೆ ಹೊರಗಿನವರ ತಂತ್ರಾಂಶ ಎಷ್ಟಿದೆ ಎಂಬುದರ ಮೇಲೆ ಅದು ನಿಲ್ಲುತ್ತದೆ. ಅನ್‌ರಿಯಲ್ ಸರ್ವರ್‌ನ ತಯಾರಾದ ಕಡತವನ್ನು ಹಂಚಬಹುದು, ಎಂಜಿನ್‌ನ ಮೂಲ ಸಂಕೇತವನ್ನು ಸಾರ್ವಜನಿಕವಾಗಿ ಹಾಕುವಂತಿಲ್ಲ. ಗೋ ಭಾಷೆಯಲ್ಲಿ ಸ್ವಂತ ಸರ್ವರ್ ಬರೆದರೆ ಆ ತೊಡಕಿಲ್ಲ, ಒಪ್ಪುತ್ತೇನೆ. ಆದರೆ ಆಗ ಬಂದರಿನ ಗೋಡೆ, ಬಂಡೆ, ದಡ ಎಲ್ಲಿದೆ ಎಂಬುದನ್ನು ಸರ್ವರ್‌ಗೆ ಬೇರೆಯಾಗಿ ಕಲಿಸಬೇಕು. ಎಂಜಿನ್ ಒಳಗಿನ ಸರ್ವರ್‌ಗೆ ಅದು ಮೊದಲೇ ಗೊತ್ತಿರುತ್ತದೆ. ಭೂಪಟ ಎರಡು ಕಡೆ ಇದ್ದರೆ ಒಂದಲ್ಲ ಒಂದು ದಿನ ಎರಡೂ ಬೇರೆಬೇರೆ ಮಾತಾಡುತ್ತವೆ.

ಹಳೆಯ ಸರ್ವರ್, ಡೊಂಬಿವಿಲಿ

ಇದು ಈ ಚರ್ಚೆಯಲ್ಲಿ ಬಂದ ಅತ್ಯುತ್ತಮ ಆಕ್ಷೇಪ. ನನ್ನ ಉತ್ತರ: ಹಡಗು ನೀರಿನ ಮೇಲೆ ಮಾತ್ರ ಓಡುತ್ತದೆ, ಎತ್ತರ ಬೇಕಿಲ್ಲ. ಆಳದ ನಕ್ಷೆಯನ್ನು ಚೌಕಗಳಾಗಿ ಹಿಂಡಿ ಒಂದು ಕಡತ ಮಾಡಿ, ಎಂಜಿನ್ನೂ ಸರ್ವರ್ರೂ ಅದನ್ನೇ ಓದಲಿ. ಕಾಲಾಳುಗಳ ಆಟವಾಗಿದ್ದರೆ ನಿಮ್ಮ ಮಾತಿಗೆ ತಲೆಬಾಗುತ್ತಿದ್ದೆ. ಕಡಲಕಾಗೆಯವರೇ, ನಾಳೆ ಹಡಗಿನಿಂದ ಇಳಿದು ಬಂದರಿನ ಬೀದಿಯಲ್ಲಿ ಓಡಾಡುವ ಆಸೆ ಹುಟ್ಟಿದರೆ ಈ ತೀರ್ಮಾನವೆಲ್ಲ ತಲೆಕೆಳಗಾಗುತ್ತದೆ.

ಆ ಆಸೆ ಹುಟ್ಟುವುದು ಹಣ ಗುರಿ ಮೀರಿದಾಗ. ಸ್ಟಾರ್ ಸಿಟಿಜನ್ 2012ರಲ್ಲಿ ಹಣ ಕೇಳಿದಾಗ 2014ಕ್ಕೆ ಆಟ ಎಂದಿತ್ತು. ಹಣ ಬಂದಂತೆಲ್ಲ ಭರವಸೆ ಬೆಳೆಯಿತು. ಕ್ರೈಎಂಜಿನ್ ಮೇಲೆ ಶುರುಮಾಡಿ 2016ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಲಂಬರ್‌ಯಾರ್ಡ್‌ಗೆ ಹಾರಿದ್ದೇವೆ ಎಂದು ಹೇಳಿದರು. ಎರಡೂ ಒಂದೇ ಬೇರಿನವಾದ್ದರಿಂದ ಹಾರಲಾಯಿತು. ಆದರೂ ಮರುವರ್ಷ ಕ್ರೈಎಂಜಿನ್‌ನ ಒಡೆಯ ಕ್ರೈಟೆಕ್ ನ್ಯಾಯಾಲಯಕ್ಕೆ ಎಳೆಯಿತು, 2020ರಲ್ಲಿ ರಾಜಿಯಾಯಿತು. ಅವರ ಬಳಿ ವಕೀಲರಿಗೆ ಕೊಡಲು ಹಣವಿತ್ತು. ಕ್ಯಾಮೆಲಾಟ್ ಅನ್‌ಚೈನ್ಡ್ 2013ರಲ್ಲಿ ಸ್ವಂತ ಎಂಜಿನ್ ಬರೆಯುತ್ತೇವೆ ಎಂದು 22 ಲಕ್ಷ ಡಾಲರ್ ಎತ್ತಿತು, 2015ಕ್ಕೆ ಕೊಡುತ್ತೇವೆ ಎಂದಿತ್ತು; ಆ ಗಡುವು ದಾಟಿ ಎಷ್ಟೋ ವರ್ಷ ಹಣ ಕೊಟ್ಟವರು ಕಾಯುತ್ತಲೇ ಇದ್ದರು.

ಎಂಜಿನ್ ಬದಲಿಸುವುದು ಹಣ ಬಂದ ಮೇಲೆ ಎಲ್ಲಕ್ಕಿಂತ ದುಬಾರಿ ಕೆಲಸ. ಅದಕ್ಕೇ ಈಗ, ಹಣ ಬರುವ ಮೊದಲು, ಕುರೂಪದ ಒಂದು ಮಾದರಿ ಮಾಡಿ. ನೀರು ಬೇಡ, ನೀಲಿ ಬಣ್ಣ ಸಾಕು. ಹಡಗು ಬೇಡ, ಪೆಟ್ಟಿಗೆ ಸಾಕು. ನೂರು ಪೆಟ್ಟಿಗೆ, ಹತ್ತು ಅಗ್ಗದ ಮೊಬೈಲ್.

ಕಡಲಕಾಗೆ, ಘಾಟ್‌ಕೋಪರ್

ಎಲ್ಲ ಉತ್ತರಗಳನ್ನೂ ಗುಂಪಿನ ಮುಂದೆ ಓದಿದೆವು. ಸಂಗೀತದವರೂ ಕೂತು ಕೇಳಿದರು.

ಸರ್ವರ್ ಎಂಜಿನ್‌ನಿಂದ ಹೊರಗೆ, ಗೋ ಭಾಷೆಯಲ್ಲಿ, ನಾನೇ ಬರೆಯುತ್ತೇನೆ. ಅದು ಮುಂಬಯಿಯಲ್ಲೇ ಇರುತ್ತದೆ. ಸಿಂಗಪುರದ ಅಗ್ಗದ ಯಂತ್ರಗಳ ಯೋಚನೆ ಇತ್ತು, ಆದರೆ 3,900 ಕಿಲೋಮೀಟರ್ ದೂರಕ್ಕೆ ಗಾಜಿನ ತಂತಿಯಲ್ಲಿ ಬೆಳಕು ಹೋಗಿ ಬರಲೇ 39 ಮಿಲಿಸೆಕೆಂಡ್ ಬೇಕು. ಹಡಗಿಗೆ ಅದು ತೊಂದರೆಯಲ್ಲ ಎಂದು ನೀವೇ ಹೇಳಿದಿರಿ, ನಿಜ. ಮಕ್ಕಳ ಮಾಹಿತಿ ನಮ್ಮಲ್ಲೇ ಇರಲಿ ಎಂಬುದು ಇನ್ನೊಂದು ಕಾರಣ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ಕ್ಕಿಂತ ಕೆಳಗಿನವರೆಲ್ಲ ಮಕ್ಕಳೇ, ಪೋಷಕರ ಒಪ್ಪಿಗೆ ಬೇಕು.

ಮುಖಭಾಗಕ್ಕೆ ಗೋಡೋ. ಅಗ್ಗದ ಮೊಬೈಲ್‌ಗಳಿಗೆ ಅದರ ಓಪನ್‌ಜಿಎಲ್ ಚಿತ್ರಣ ಸಾಕಾಗುತ್ತದೆ, ಕನ್ನಡ ಸರಿಯಾಗಿ ಮೂಡುತ್ತದೆ. ಚಿತ್ರ ರಚಿಸುವವರಲ್ಲಿ ಒಬ್ಬರು ಒಪ್ಪಿದರು, ಇನ್ನೊಬ್ಬರು ಒಪ್ಪಿಲ್ಲ. ಅವರ ಷರತ್ತು, ಮಾದರಿ ಸೋತರೆ ಅನ್‌ರಿಯಲ್‌ನಲ್ಲಿ ಅದೇ ಮಾದರಿ ಮಾಡಬೇಕು. ಸರ್ವರ್ ಹೊರಗಿರುವುದರಿಂದ ಅದು ಸಾಧ್ಯ. ಹಣ ಕೇಳುವ ಪುಟದಲ್ಲಿ ಎಂಜಿನ್ ಹೆಸರು ಹಾಕುವುದಿಲ್ಲ; ಸರ್ವರ್ ಬಿಟ್ಟುಕೊಡುವ ಮಾತು ಹಾಕುತ್ತೇವೆ. ಹಡಗಿನಿಂದ ಇಳಿದು ನಡೆಯುವುದು ಇಲ್ಲ ಎಂದೂ ಬರೆಯುತ್ತೇವೆ, ಗುರಿ ಮೀರಿದರೂ ಇಲ್ಲ.

ಪರೀಕ್ಷೆ ಪುಣೆ ರೈಲಿನಲ್ಲಿ. ಕರ್ಜತ್ ದಾಟಿದ ಮೇಲೆ ಬೋರ್ ಘಾಟಿನಲ್ಲಿ ಸುರಂಗಗಳ ಸಾಲು ಬರುತ್ತದೆ, ಮೊಬೈಲ್ ಸಂಪರ್ಕ ಹೋಗುತ್ತದೆ, ಬರುತ್ತದೆ, ಬರುವಾಗ ಐಪಿ ವಿಳಾಸವೇ ಬದಲಾಗಿರುತ್ತದೆ. ಸರ್ವರ್ ಆಟಗಾರನನ್ನು ವಿಳಾಸದಿಂದಲ್ಲ, ಗುರುತಿನ ಚೀಟಿಯಿಂದ ಹಿಡಿದುಕೊಳ್ಳಬೇಕು. ಸುರಂಗದೊಳಗೆ ಇದ್ದಷ್ಟು ಹೊತ್ತು ಹಡಗು ಕೊನೆಯ ದಿಕ್ಕಿನಲ್ಲೇ ಸಾಗಬೇಕು. ಲೋಣಾವಳ ತಲುಪುವಾಗ ಎಲ್ಲ ಪೆಟ್ಟಿಗೆಗಳೂ ತಮ್ಮ ತಮ್ಮ ಜಾಗದಲ್ಲಿದ್ದರೆ ಹಣ ಕೇಳುತ್ತೇವೆ.

ಹಿಂಜವಡಿಯ ಹರಟೆಮಲ್ಲ, ಪುಣೆ

ನಾನು ಇನ್ನೂ ಒಪ್ಪಿಲ್ಲ. ನಿಮ್ಮ ಆಟದ ಮೊದಲ ಚಿತ್ರ ನೋಡಿದಾಗ ಜನ ನೀರನ್ನೇ ನೋಡುತ್ತಾರೆ, ಪ್ಯಾಕೆಟ್ ಅಲ್ಲ. ಆದರೂ ಪುಣೆ ನಿಲ್ದಾಣಕ್ಕೆ ಬರುತ್ತೇನೆ, ನನ್ನ ಹಳೆಯ ಮೊಬೈಲ್ ಎರಡು ಇವೆ, ಪರೀಕ್ಷೆಗೆ ಹೇಳಿ ಮಾಡಿಸಿದಷ್ಟು ಕೆಟ್ಟವು. ಮರಳುವ ರೈಲಿನಲ್ಲಿ ಇನ್ನೊಮ್ಮೆ ನೋಡಬಹುದು.

ಮಾಟುಂಗದ ಓದುಗಿ

ನೀವು ಹಂಚಿದ ವಿನ್ಯಾಸದ ಕಡತ ನೋಡಿದೆ. ಹಡಗಿನ ಹೆಸರಿಗೆ 32 ಬೈಟ್ ಮಿತಿ ಇಟ್ಟಿದ್ದೀರಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. "ಶ್ರೀಲಕ್ಷ್ಮೀ" ಎಂದು ಯಾರಾದರೂ ಹೆಸರಿಟ್ಟರೆ ಕಣ್ಣಿಗೆ ಮೂರಕ್ಷರ, ಒಳಗೆ 11 ಸಂಕೇತ, 33 ಬೈಟ್. ಕೊನೆಯ ಈಕಾರ ಕತ್ತರಿಸಿ ಹೋಗುತ್ತದೆ. ಹೆಸರಿಡಲೆಂದೇ ಹೆಚ್ಚು ಹಣ ಕೊಟ್ಟವರ ಹಡಗು ಅದು.

ಕಡಲಕಾಗೆ, ಘಾಟ್‌ಕೋಪರ್

ಮಿತಿಯನ್ನು ಬೈಟ್‌ನಿಂದ ತೆಗೆದು ಅಕ್ಷರಕ್ಕೆ ಕಟ್ಟುತ್ತೇನೆ: 12 ಅಕ್ಷರ. ಎಣಿಸುವ ಕ್ರಮವನ್ನು ಸರ್ವರ್‌ನಲ್ಲೇ ಬರೆಯಬೇಕು, ಹಲಂತದ (ಒತ್ತಕ್ಷರ ಕೂಡಿಸುವ ಗುರುತಿನ) ನಂತರ ಬಂದ ವ್ಯಂಜನವನ್ನು ಹೊಸ ಅಕ್ಷರ ಎಂದು ಲೆಕ್ಕ ಹಿಡಿಯಬಾರದು. ಸೊನ್ನೆ, ವಿಸರ್ಗ, ಅರ್ಕಾವತ್ತು ಇರುವ ಹೆಸರುಗಳ ಒಂದು ಪಟ್ಟಿ ಕಳಿಸಿಕೊಡಿ, ಪರೀಕ್ಷೆಗೆ ಬೇಕು.